ಆರು ಮರಿ, ನಾಲ್ಕು ಮನೆ: ಯಾವ ಮರಿ ಯಾರಿಗೆ?

ಮೈಸೂರಿನಿಂದ ಕೇಳಿದ್ದು: ನಮ್ಮ ಕಾರ್ ಶೆಡ್ಡಿನಲ್ಲಿ ಬೀದಿನಾಯಿಯೊಂದು ಆರು ಮರಿ ಹಾಕಿದೆ. ಈಗ ಐದು ವಾರ. ನಾಲ್ಕು ಮನೆಯವರು ಕೇಳಿದ್ದಾರೆ. ಒಂದು ಮನೆಯಲ್ಲಿ ಪುಟ್ಟ ಮಕ್ಕಳು, ಒಂದರಲ್ಲಿ ರಿಟೈರ್ ಆದ ದಂಪತಿ, ಒಬ್ಬರದು ತೋಟದ ಮನೆ, ಇನ್ನೊಬ್ಬರು ಫ್ಲ್ಯಾಟಿನಲ್ಲಿದ್ದಾರೆ. ಫೋಟೋ ನೋಡಿ ಎಲ್ಲರಿಗೂ ಬಿಳಿ ಮರಿಯೇ ಬೇಕಂತೆ. ಸ್ವಭಾವ ನೋಡಿ ಕೊಡುವುದು ಹೇಗೆ? ಗೊತ್ತಿದ್ದವರು ಹೇಳಿ.

ಬೆಂಗಳೂರಿನಿಂದ: ಅಕ್ಕಾ, ಹತ್ತು ವರ್ಷದಿಂದ ತಾಯಿ ಸಮೇತ ಮರಿಗಳನ್ನು ಮನೆಯಲ್ಲಿಟ್ಟುಕೊಂಡು ಸಾಕುವವರಿಗೆ ಕೊಡುತ್ತಿದ್ದೇನೆ. ಮೊದಮೊದಲು ವೋಲ್‌ಹಾರ್ಡ್ ಪರೀಕ್ಷೆ ಮಾಡುತ್ತಿದ್ದೆ. ಮರಿಗೆ 49 ದಿನ ತುಂಬಿದಾಗ, ಅದು ನೋಡಿರದ ಜಾಗದಲ್ಲಿ, ಅದಕ್ಕೆ ಗುರುತಿಲ್ಲದವರು ಹತ್ತು ಚಿಕ್ಕ ಪರೀಕ್ಷೆ ಮಾಡುತ್ತಾರೆ. ಕರೆದರೆ ಬರುತ್ತದಾ, ಸದ್ದಾದರೆ ಏನು ಮಾಡುತ್ತದೆ, ಎದುರಿಗೆ ಛತ್ರಿ ಬಿಚ್ಚಿದರೆ ಹೇಗೆ, ಹೀಗೆ. ಒಂದೊಂದಕ್ಕೂ 1ರಿಂದ 6ರ ತನಕ ಅಂಕ.

ಆ ಅಂಕ ನಂಬಿ ಒಂದು ಮರಿಗೆ ‘ಪುಕ್ಕಲು’ ಅಂತ ಬರೆದಿದ್ದೆ. ಹಿಂದಿನ ದಿನವಷ್ಟೇ ಜಂತುಹುಳದ ಔಷಧಿ ಹಾಕಿದ್ದೆ, ಹೊಟ್ಟೆ ಕೆಟ್ಟಿತ್ತು. ಎರಡು ದಿನ ಬಿಟ್ಟು ನೋಡಿದರೆ ಅದೇ ಮರಿ ಕುಕ್ಕರ್ ಕೂಗಿದರೂ ಅಲ್ಲಾಡಲಿಲ್ಲ. ಸ್ವೀಡನ್ನಿನಲ್ಲಿ ಜರ್ಮನ್ ಶೆಫರ್ಡ್ ಮರಿಗಳನ್ನು ಎಂಟು ವಾರಕ್ಕೆ ಪರೀಕ್ಷಿಸಿ, ದೊಡ್ಡವಾದ ಮೇಲೆ ಮತ್ತೆ ನೋಡಿದ್ದರು. 1998ರಲ್ಲಿ ಪ್ರಕಟವಾದ ಅಧ್ಯಯನ. ಮರಿಯಲ್ಲಿ ಕಂಡದ್ದಕ್ಕೂ ಮುಂದಿನ ನಡವಳಿಕೆಗೂ ತಾಳೆಯಾಗಲಿಲ್ಲ. ಹಾಗಾಗಿ ಒಂದು ದಿನದ ಪರೀಕ್ಷೆಯನ್ನು ಜಾತಕದ ಹಾಗೆ ನಂಬಬೇಡಿ.

ನಾನೀಗ ಐದನೇ ವಾರದಿಂದ ಎಂಟನೇ ವಾರದ ತನಕ ದಿನಾ ನೋಡಿ ಬರೆದಿಡುತ್ತೇನೆ. ಒಂದೊಂದೇ ಮರಿಯನ್ನು ಬೇರೆ ಕೋಣೆಗೆ ಒಯ್ಯುತ್ತೇನೆ. ಗುಂಪಿನಲ್ಲಿ ಧೈರ್ಯ ತೋರಿಸುವ ಮರಿ ಒಂಟಿಯಾದರೆ ಬೇರೆಯೇ ಆಗಿಬಿಡುತ್ತದೆ. ಉಂಡ ಕೂಡಲೇ ಬೇಡ, ನಿದ್ದೆಗಣ್ಣಿನಲ್ಲಿ ಬೇಡ. ಸ್ವಲ್ಪ ದೂರದಲ್ಲಿ ಒಂದು ಸ್ಟೀಲ್ ತಟ್ಟೆ ಬೀಳಿಸಿ. ಬೆಚ್ಚುವುದು ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆಮೇಲೆ ಏನು ಮಾಡುತ್ತದೆ ನೋಡಿ. ಕೆಲವು ಎರಡೇ ಕ್ಷಣದಲ್ಲಿ ತಟ್ಟೆ ಮೂಸಲು ಬರುತ್ತವೆ. ಕೆಲವು ಮಂಚದ ಕೆಳಗೆ ಸೇರಿದರೆ ತಿಂಡಿ ತೋರಿಸಿದರೂ ಬರುವುದಿಲ್ಲ. ದಿನಗಳು ಕಳೆದರೂ ಹೀಗೇ ಇರುವ ಮರಿಯನ್ನು ಗಲಾಟೆಯ ಮನೆಗೆ ಕೊಡಲೇಬೇಡಿ. ಪಂಜ ಹಿಡಿದರೂ ಕಿವಿ ಮುಟ್ಟಿದರೂ ಸುಮ್ಮನಿರುವ, ಆಟದಲ್ಲಿ ನೀವು ‘ಅಯ್ಯೋ’ ಅಂದ ಕೂಡಲೇ ಕಚ್ಚಿದ್ದನ್ನು ಬಿಡುವ ಮರಿ ಮಕ್ಕಳ ಮನೆಗೆ ಸರಿ. ಅಂಗಾತ ಮಲಗಿಸಿ ಒತ್ತಿ ಹಿಡಿಯುವುದನ್ನು ಮಾತ್ರ ಮಾಡಬೇಡಿ. ಪಾಪ, ಹೆದರುತ್ತವೆ ಅಷ್ಟೇ.

‘ಮರಿಯೇ ಓಡಿ ಬಂತು, ಅದೇ ನಮ್ಮನ್ನು ಆರಿಸಿಕೊಂಡಿತು’ ಅಂತ ಬಂದವರು ಕರಗುತ್ತಾರೆ. ನಾನೂ ಕರಗಿ, ವಯಸ್ಸಾದ ದಂಪತಿಗೆ ಹಾಗೆ ಓಡಿ ಬಂದ ಮರಿಯನ್ನೇ ಕೊಟ್ಟೆ. ಮೊದಲು ಓಡಿ ಬರುವ ಮರಿ ಯಾರು ಬಂದರೂ ಮೊದಲು ಓಡಿ ಬರುತ್ತದೆ, ಅದಕ್ಕೆ ಹುರುಪು ಜಾಸ್ತಿ, ಅಲ್ವಾ? ಕೆಲವೇ ತಿಂಗಳಲ್ಲಿ ಅಜ್ಜಿಯನ್ನು ಮೆಟ್ಟಿಲ ಮೇಲೆ ಎಳೆದು ಬೀಳಿಸಿತು. ಅಳುತ್ತಲೇ ವಾಪಸ್ ತಂದುಕೊಟ್ಟರು. ತಪ್ಪು ನನ್ನದು. ಈಗ ಅದು ದಿನಾ ಬೆಳಿಗ್ಗೆ ಓಡುವ ಹುಡುಗನೊಬ್ಬನ ಜೊತೆ ಇದೆ, ಚೆನ್ನಾಗಿದೆ.

ಧಾರವಾಡದಿಂದ: ಮನೆಯವರನ್ನೂ ಅಷ್ಟೇ ನೋಡಿ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಕಟ್ಟಿ ಹಾಕುತ್ತಾರಾ, ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು, ಕೇಳಿ. ತೋಟದವರೊಬ್ಬರು ಕಾವಲಿಗೆ ಜೋರಿನ ಮರಿ ಬೇಕು ಅಂದು, ಹೆದರಿ ಬೊಗಳುತ್ತಿದ್ದ ಮರಿಯನ್ನೇ ತೋರಿಸಿದ್ದರು. ಅಂಥದ್ದು ಬೆಳೆದ ಮೇಲೆ ಹೆದರಿಕೆಗೇ ಕಚ್ಚಬಹುದು. ಮೂರನೇ ವಾರದಿಂದ ಸುಮಾರು 12 ವಾರದ ತನಕ ಕಂಡದ್ದನ್ನು ಮರಿ ಬೇಗ ಒಪ್ಪಿಕೊಳ್ಳುತ್ತದೆ. ಪುಕ್ಕಲು ಮರಿಗೆ ಈಗಲೇ ಹೊಸಬರನ್ನು ಮೆಲ್ಲಗೆ ರೂಢಿ ಮಾಡಿಸಿ. ಪಾರ್ವೊ ಅನ್ನುವ ವಾಂತಿಭೇದಿ ರೋಗ ಬಾರದಂತೆ ಹಾಕಿಸುವ ಇಂಜೆಕ್ಷನ್‌ಗಳು ಮುಗಿಯುವ ತನಕ ಬೀದಿಯಲ್ಲಿ ನೆಲಕ್ಕೆ ಬಿಡಬೇಡಿ, ಎತ್ತಿಕೊಂಡೇ ತೋರಿಸಿ.

ಮೈಸೂರಿನಿಂದ: ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ತಟ್ಟೆ ಬೀಳಿಸಿ ನೋಡಿದೆ. ಬಿಳಿ ಮರಿ ಅಕ್ಕಿ ಡಬ್ಬದ ಹಿಂದೆ ಹೋಗಿ ಕೂತದ್ದು ಒಂದು ಗಂಟೆ ಈಚೆ ಬರಲಿಲ್ಲ. ಮಕ್ಕಳಿರುವ ಮನೆಯವರಿಗೆ ಫೋನ್ ಮಾಡಿದೆ. ಎಂಟು ವಾರ ತುಂಬುವ ತನಕ ಯಾವ ಮರಿ ಅಂತ ಮಾತು ಕೊಡುವುದಿಲ್ಲ ಅಂದೆ. ಕಾಯುತ್ತೇವೆ ಅಂದರು.