ಓದುಗರ ಸ್ಪಂದನ: ಕೈಗುಣವೋ, ಏಪ್ರಿಲ್ ಬಿಸಿಲೋ?

ಕಳೆದ ವಾರದ ಸಮಸ್ಯೆ: ಕಲಬುರಗಿಯಲ್ಲಿ ರಸಾಯನಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದೇನೆ. ಸೀನಿಯರ್ ನೋಟ್‌ಬುಕ್ಕಿನಲ್ಲಿ ಶೇ 70 ಇಳುವರಿ ಕೊಟ್ಟ ರಿಯಾಕ್ಷನ್ ಮಾರ್ಚ್‌ನಿಂದ ನನ್ನ ಕೈಯಲ್ಲಿ ಐದು ಸಲ ಕೆಟ್ಟಿದೆ. ಫ್ಲಾಸ್ಕಿನಲ್ಲಿ ಉಳಿಯುವುದು ಕಂದು ಅಂಟು ಮಾತ್ರ. ‘ನಿನ್ನ ಕೈಗುಣವೇ ಸರಿಯಿಲ್ಲ’ ಎಂದು ಗೈಡ್ ಎಲ್ಲರ ಮುಂದೆ ಅಂದರು. ಬಿಟ್ಟು ಶಹಾಪುರಕ್ಕೆ ಮರಳಲೇ?

ತಂಗೀ, ಬ್ಯಾಗು ತುಂಬುವ ಮೊದಲು ಆ ನೋಟ್‌ಬುಕ್ಕಿನ ಪುಟದ ಮೇಲಿರುವ ತಾರೀಖು ನೋಡು. ಡಿಸೆಂಬರ್, ಜನವರಿ ಎಂದಿದ್ದರೆ ಕೈಗುಣದ ಮಾತನ್ನು ಅಲ್ಲಿಗೇ ಬಿಡು. ‘ರೂಮ್ ಟೆಂಪರೇಚರಿನಲ್ಲಿ ರಾತ್ರಿಯಿಡೀ ಕಲಕಿದೆ’ ಎಂದು ಬರೆದಿರುತ್ತಾರೆ. ಯಾರ ಊರಿನ ರೂಮು? ಪುಸ್ತಕದ ರೂಮು 20–25 ಡಿಗ್ರಿಯದು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 40 ದಾಟುತ್ತದೆ, ಎಸಿ ಇಲ್ಲದ ಲ್ಯಾಬಿನ ಗೋಡೆ ನಡುರಾತ್ರಿಯವರೆಗೂ ಕಾವು ಬಿಡುತ್ತಿರುತ್ತದೆ. ಹತ್ತು ಡಿಗ್ರಿ ಏರಿದರೆ ಎಷ್ಟೋ ರಿಯಾಕ್ಷನ್‌ಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ನಿನಗೆ ಬೇಕಾದ ವಸ್ತು ಸಂಜೆಗೇ ಹುಟ್ಟಿ, ಬೆಳಗಾಗುವುದರೊಳಗೆ ಹಾಳಾಗುತ್ತಿರಬಹುದು.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ನಾವು ಬಳಸುವ ದ್ರಾವಕಗಳಲ್ಲಿ ಈಥರ್ ಕುದಿಯುವುದು 35 ಡಿಗ್ರಿಯ ಆಸುಪಾಸಿನಲ್ಲಿ, ಡೈಕ್ಲೋರೋಮೀಥೇನ್ 40ರಲ್ಲಿ. ಒಂದು ಮೇ ತಿಂಗಳಲ್ಲಿ ನನ್ನ ಕಾಲಮ್ಮಿನೊಳಗೆ (ಬೆರೆತ ವಸ್ತುಗಳನ್ನು ಬೇರ್ಪಡಿಸಲು ಸಿಲಿಕಾ ಜೆಲ್ ಪುಡಿ ತುಂಬಿದ ಗಾಜಿನ ಕೊಳವೆ) ಗುಳ್ಳೆಗಳೆದ್ದು, ಬೇಸಿಗೆಯ ಎರೆಹೊಲದಂತೆ ಸಿಲಿಕಾ ಜೆಲ್ ಅಡ್ಡಡ್ಡ ಬಿರಿಯಿತು. ಬೇರೆ ಬೇರೆಯಾಗಿ ಇಳಿಯಬೇಕಿದ್ದ ಎರಡು ಹಳದಿ ಪಟ್ಟಿಗಳು ಒಂದರೊಳಗೊಂದು ಕಲಸಿಹೋದವು. ಆರು ವಾರದ ಶ್ರಮ. ಸ್ಟೋರ್ ರೂಮಿಗೆ ಹೋಗಿ ಅತ್ತೆ. ಅಲ್ಲಿದ್ದ ಅಟೆಂಡರ್ ಕಾಕಾ ಹೇಳಿದರು: ‘ತಾರಸಿ ಟ್ಯಾಂಕಿನ ನೀರು ಚಹಾದಷ್ಟು ಬಿಸಿ ಇದೆ ಮಗಳೇ, ಕಂಡೆನ್ಸರ್ ಏನು ತಂಪಾಗುತ್ತದೆ?’ ಕಂಡೆನ್ಸರ್ ಎಂದರೆ ಕುದಿಯುವ ದ್ರಾವಕದ ಆವಿಯನ್ನು ತಣ್ಣೀರಿನಿಂದ ತಣಿಸಿ ಮತ್ತೆ ದ್ರವವಾಗಿಸುವ ಗಾಜಿನ ಕೊಳವೆ. ಮರುದಿನ ಅವರೇ ಗೋಣಿಚೀಲದಲ್ಲಿ ಸುತ್ತಿ ಮಂಜುಗಡ್ಡೆ ತಂದರು. ಬಕೆಟ್ಟಿನಲ್ಲಿ ಅದನ್ನು ಹಾಕಿ, ಚಿಕ್ಕ ಪಂಪಿನಿಂದ ಕಂಡೆನ್ಸರಿಗೆ ನೀರು ಹಾಯಿಸಿದೆವು. ಅವರ ಋಣ ನನ್ನ ಮೇಲೆ ಇವತ್ತಿಗೂ ಇದೆ.

ಒಂದು ರಿಯಾಕ್ಷನ್ ಬೆಳಿಗ್ಗೆ ಆರಕ್ಕೆ ಇಡು. ಫ್ಲಾಸ್ಕನ್ನು ಐಸ್ ಬಾತಿನಲ್ಲಿಟ್ಟು ಅರ್ಧ ಗಂಟೆಗೊಮ್ಮೆ ಟಿಎಲ್‌ಸಿ (ರಿಯಾಕ್ಷನ್ ಎಲ್ಲಿಗೆ ಬಂದಿದೆ ಎಂದು ಚುಕ್ಕೆಗಳಲ್ಲಿ ತೋರಿಸುವ ಚಿಕ್ಕ ಪ್ಲೇಟು) ನೋಡು, ಥರ್ಮಾಮೀಟರ್ ತೋರಿಸಿದ್ದನ್ನು ಪ್ರತಿಸಲ ಬರೆದಿಡು. ಈಥರ್ ಬಾಟಲಿಯನ್ನು ತಣ್ಣಗಾಗಿಸದೆ ತೆರೆಯಬೇಡ, ಹತ್ತಿರದಲ್ಲಿ ಬೆಂಕಿ ಇರಲೇಬಾರದು. ಆ ಪ್ಲೇಟುಗಳನ್ನು ಸಾಲಾಗಿ ಗೈಡ್ ಮೇಜಿನ ಮೇಲಿಡು. ಮಾತಾಡುವ ಮೊದಲು ಅವರು ಅವನ್ನು ನೋಡಲಿ.
— ರಸಾಯನಶಾಸ್ತ್ರ ಉಪನ್ಯಾಸಕಿ, ಕಲಬುರಗಿ

ಆ ಸೀನಿಯರಿಗೆ ಫೋನ್ ಮಾಡಿದಿರಾ? ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಟ್ಟದ್ದು ಬಹಳ ಇರುತ್ತದೆ: ದ್ರಾವಕವನ್ನು ಹೊಸದಾಗಿ ಒಣಗಿಸಿದ್ದರೇ, ರಾಸಾಯನಿಕದ ಬಾಟಲಿ ಆಗತಾನೇ ತೆರೆದದ್ದೇ ಎಂದು ಕೇಳಿ. ಎಲ್ಲರ ಮುಂದೆ ಕೈಗುಣ ಆಡಿಕೊಂಡದ್ದು ಮಾತ್ರ ತಪ್ಪು. ನಾನೂ ಸಂಶೋಧಕರನ್ನು ಬೆಳೆಸಿದವನು. ಪ್ರಯೋಗ ಐದು ಸಲ ಕೆಟ್ಟರೆ ಗೈಡ್ ಆದವನು ಆರನೆಯ ಸಲ ಪಕ್ಕದಲ್ಲಿ ನಿಲ್ಲಬೇಕು.
— ನಿವೃತ್ತ ಪ್ರಾಧ್ಯಾಪಕ, ಬೀದರ್

ನನಗೆ ನಿಮ್ಮ ರಸಾಯನ ತಿಳಿಯದು. ನನ್ನ ಮಗಳೂ ಹಾಸ್ಟೆಲಿನಲ್ಲಿದ್ದು ಓದಿದವಳು, ಸೋತಾಗ ಮನೆಗೆ ಹೇಳದೆ ನುಂಗಿಕೊಳ್ಳುತ್ತಿದ್ದಳು. ನೀನು ಹಾಗೆ ಮಾಡಬೇಡವ್ವಾ. ಶನಿವಾರ ಬಸ್ಸು ಹತ್ತಿ ಶಹಾಪುರಕ್ಕೆ ಹೋಗು, ನಿನ್ನ ತಾಯಿಗೆ ಎಲ್ಲವನ್ನೂ ಹೇಳಿ ಹೊಟ್ಟೆ ತುಂಬ ಉಂಡು ಮಲಗು. ಸೋಮವಾರ ಬೆಳಗಿನ ಬಸ್ಸಿಗೆ ತಿರುಗಿ ಬಾ.
— ಒಬ್ಬ ತಾಯಿ, ಯಾದಗಿರಿ