ಬ್ರೌಸರ್ ತೆರೆದರೂ ಫ್ಯಾನ್ ಭೋರ್ ಅನ್ನುತ್ತದೆ, ಟೆಂಪರೇಚರ್ ಒಂದೇ ಕಡೆ ನಿಲ್ಲುತ್ತಿಲ್ಲ

ಸದ್ದುಬೇಡ:
ಎಲ್ಲರಿಗೂ ನಮಸ್ಕಾರ. ಹತ್ತು ದಿನದಿಂದ ತಲೆ ಕೆಟ್ಟುಹೋಗಿದೆ. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಸುಮ್ನೆ ಒಂದು ಬ್ರೌಸರ್ ತೆರೆದರೆ ಸಾಕು, ಫ್ಯಾನ್ ಭೋರ್ ಅಂತ ಏರುತ್ತದೆ. ಮೂರ್ನಾಲ್ಕು ಸೆಕೆಂಡಿಗೆ ಇಳಿಯುತ್ತದೆ. ಇನ್ನೇನು ಸುಮ್ಮನಾಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಶುರು. ಪ್ರೊಸೆಸರ್ ಟೆಂಪರೇಚರ್ 42 ಡಿಗ್ರಿಯಲ್ಲಿ ಇದ್ದದ್ದು ಒಂದೇ ಏಟಿಗೆ 61, 63ರ ತನಕ ಹೋಗಿ ವಾಪಸ್ 45ಕ್ಕೆ ಬರುತ್ತದೆ. ಮೊದಲು ಹೀಗೆ ಇರಲಿಲ್ಲ, ನಾನು ಏನೂ ಬದಲಾಯಿಸಿಲ್ಲ. ಕೇಸ್ ತೆಗೆದು ಧೂಳು ಹೊಡೆದೆ, ಮುಂದಿನ ಫಿಲ್ಟರ್ ಮೇಲೆ ಕಂಬಳಿ ಹಾಗೆ ಕೂತಿತ್ತು, ಅದನ್ನು ತೊಳೆದು ಒಣಗಿಸಿ ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತು ಕೆಲಸ ಮಾಡುವವನು ನಾನು, ಈ ಸದ್ದಿನಲ್ಲಿ ಆಗುತ್ತಿಲ್ಲ. ದಯವಿಟ್ಟು ಯಾರಾದರೂ ದಾರಿ ಹೇಳಿ.

ಬಿಳಿಪೇಸ್ಟ್:
ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಬಿಸಿ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆ, ನೂರಕ್ಕೆ ನೂರು. ಟೆಂಪರೇಚರ್ ಹಾಗೆ ಜಿಗಿಯುವುದು ಪೇಸ್ಟ್ ಹೋದಾಗಲೇ. ಕೂಲರ್ ಬಿಚ್ಚಿ ಹಳೆಯದನ್ನು ಪೂರ್ತಿ ಒರೆಸಿ ಹೊಸದು ಹಾಕಿ.

ಹಳೇಬೋರ್ಡ್:
ಸರ್, ಪ್ರೊಸೆಸರ್ ಯಾವುದು? ಕೂಲರ್ ಯಾವುದು? ಎಷ್ಟು ಫ್ಯಾನ್, ಯಾವುದು ಬೋರ್ಡಿನ ಯಾವ ಹೆಡರ್‌ಗೆ (ಫ್ಯಾನ್ ವೈರ್ ಸಿಕ್ಕಿಸುವ ಪಿನ್‌ಗಳಿಗೆ) ಹೋಗಿದೆ? ವಿಂಡೋಸಾ, ಲಿನಕ್ಸಾ? ಇದು ಗೊತ್ತಿಲ್ಲದೆ ಹೇಳಿದರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಸದ್ದುಬೇಡ:
ಕ್ಷಮಿಸಿ, ಬರೆದಿದ್ದೇನೆ ಅಂದುಕೊಂಡಿದ್ದೆ. ರೈಜೆನ್ 5 5600ಎಕ್ಸ್, ಅದರ ಡಬ್ಬಿಯಲ್ಲೇ ಬಂದ ಚಿಕ್ಕ ಕೂಲರ್, ಬಿ550 ಮದರ್‌ಬೋರ್ಡ್, ವಿಂಡೋಸ್. ಕೇಸ್‌ಗೆ ಮುಂದೆ ಎರಡು ಫ್ಯಾನ್, ಹಿಂದೆ ಒಂದು. ಪೇಸ್ಟ್ ಹೋದ ತಿಂಗಳು ತಾನೇ ಹಾಕಿದ್ದೆ.

ಬಿಳಿಪೇಸ್ಟ್:
ಹಾಗಾದರೆ ಹಾಕಿದ್ದು ಸರಿಯಾಗಿಲ್ಲ. ಎಷ್ಟು ಹಾಕಿದಿರಿ? ನಡುವೆ ಬಟಾಣಿ ಕಾಳಿನಷ್ಟು ಇಟ್ಟು ಕೂಲರ್ ಒತ್ತಿದರೆ ತಾನಾಗೇ ಹರಡುತ್ತದೆ. ಮತ್ತೆ ಮಾಡಿ.

ಮೂಲೆತನಕ:
ಬಟಾಣಿ ಕಾಳು ಹಳೇ ಕಾಲದ ಮಾತು. ರೈಜೆನ್‌ನಲ್ಲಿ 3000 ಸರಣಿಯಿಂದ ಬಿಸಿಯಾಗುವ ಚಿಪ್ ಮುಚ್ಚಳದ ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕಿದೆ. ಮೂಲೆ ತನಕ ತೆಳ್ಳಗೆ ಸವರಬೇಕು.

ಬಿಳಿಪೇಸ್ಟ್:
ಸವರಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಎಷ್ಟೋ ಕಂಪ್ಯೂಟರ್‌ಗೆ ಹಾಕಿ ನೋಡಿದ್ದೇನೆ, ನನಗೆ ಹೇಳಬೇಡಿ.

ಮೂಲೆತನಕ:
ಕೂಲರ್ ಒತ್ತಿದಾಗ ಆ ಗಾಳಿ ಹೊರಗೆ ಹೋಗುತ್ತದೆ ಸರ್. ಗಾಜಿನ ತುಂಡು ಇಟ್ಟು ಒತ್ತಿ ನೋಡಿ, ಕಣ್ಣಿಗೇ ಕಾಣುತ್ತದೆ.

ಸದ್ದುಬೇಡ:
ನಿಮ್ಮ ಮಾತು ಕೇಳಿ ನಿನ್ನೆ ಮತ್ತೆ ಬಿಚ್ಚಿದೆ. ಎಳೆಯುವಾಗ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತೇ ಬಂತು! ಎದೆ ಧಸಕ್ ಅಂದಿತು. ಅಡಿಯಲ್ಲಿರುವ ಕೂದಲಿನಂಥ ಪಿನ್‌ಗಳನ್ನು ಟಾರ್ಚ್ ಹಿಡಿದು ಸಾಲುಸಾಲಾಗಿ ನೋಡಿದೆ, ಪುಣ್ಯಕ್ಕೆ ಒಂದೂ ಬಾಗಿಲ್ಲ. ಮೂಲೆ ತನಕ ಸವರಿ ಹಾಕಿದೆ. ಸದ್ದು ಹಾಗೇ ಇದೆ, 62ಕ್ಕೆ ಜಿಗಿಯುವುದೂ ಹಾಗೇ ಇದೆ.

ಹಳೇಬೋರ್ಡ್:
ನಿಮ್ಮ ಬೋರ್ಡಿನಲ್ಲಿರುವಂಥ ಎಎಂ4 ಸಾಕೆಟ್‌ನಲ್ಲಿ ಇದು ತುಂಬಾ ಜನಕ್ಕೆ ಆಗಿದೆ. ಓದುತ್ತಿರುವ ಎಲ್ಲರಿಗೂ ಹೇಳುತ್ತೇನೆ: ಬಿಚ್ಚುವ ಮೊದಲು ಐದು ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಆಮೇಲೆ ಆಫ್ ಮಾಡಿ, ಕೂಲರನ್ನು ಆಚೀಚೆ ನಿಧಾನ ತಿರುಚಿ ಎತ್ತಿ. ನೇರ ಎಳೆಯಬೇಡಿ.

ಈಗ ಒಂದೇ ಪ್ರಶ್ನೆ. ಗೇಮ್ ಆಡುವಾಗ ಎಷ್ಟಿರುತ್ತದೆ?

ಸದ್ದುಬೇಡ:
ಅರ್ಧ ಗಂಟೆ ಆಡಿದರೆ 76ರಲ್ಲಿ ನಿಲ್ಲುತ್ತದೆ. ಆಗ ಒಂದೇ ಸಮನೆ ಸದ್ದು, ಅದರ ಬಗ್ಗೆ ದೂರಿಲ್ಲ.

ಹಳೇಬೋರ್ಡ್:
ಹಾಗಾದರೆ ಪೇಸ್ಟ್ ಮಾತು ಇಲ್ಲಿಗೆ ಬಿಡೋಣ. ಪೇಸ್ಟ್ ಕೆಟ್ಟಿದ್ದರೆ ಭಾರ ಬಿದ್ದಾಗ 90 ದಾಟಬೇಕಿತ್ತು. ಆ ಚಿಕ್ಕ ಕೂಲರ್‌ಗೆ 76 ಚೆನ್ನಾಗಿಯೇ ಇದೆ.

ಬಿಳಿಪೇಸ್ಟ್:
ಬ್ರೌಸರ್ ತೆರೆದಿದ್ದಕ್ಕೆ 62 ಬರುವುದು ಸರಿಯಾ? ನನ್ನದು 38 ದಾಟಲ್ಲ. ಅರವತ್ತರ ಮೇಲೆ ಓಡಿಸಿದರೆ ಪ್ರೊಸೆಸರ್ ಆಯುಸ್ಸು ಕಮ್ಮಿ ಆಗುತ್ತದೆ.

ಮೂಲೆತನಕ:
ಆ ಪ್ರೊಸೆಸರ್‌ಗೆ ಕಂಪನಿಯವರು ಇಟ್ಟ ಮಿತಿಯೇ 95. ಇಂಟೆಲ್‌ನ ಎಷ್ಟೋ ಡೆಸ್ಕ್‌ಟಾಪ್ ಚಿಪ್‌ಗಳಿಗೆ 100. 2022ರಲ್ಲಿ ಬಂದ ರೈಜೆನ್ 7000 ಅಂತೂ ಪೂರ್ತಿ ಭಾರದಲ್ಲಿ 95ಕ್ಕೆ ಹೋಗಿ ಅಲ್ಲೇ ನಿಲ್ಲುವ ಹಾಗೇ ಮಾಡಿದ್ದು. 62ಕ್ಕೆ ಹೆದರಿಸಬೇಡಿ.

ಒಂಬತ್ತುಫ್ಯಾನ್:
ಬ್ರೋ, ಡಬ್ಬಿ ಕೂಲರ್ ಬಿಸಾಕಿ. ನನ್ನ ಕೇಸ್‌ನಲ್ಲಿ ಒಂಬತ್ತು ಫ್ಯಾನ್ ಇದೆ. ಮೇಲೆ ನೀರಿನ ಕೂಲರಿನ 360 ಮಿ.ಮೀ. ರೇಡಿಯೇಟರ್‌ಗೆ ಮೂರು, ಮುಂದೆ 140 ಮಿ.ಮೀ.ನವು ಮೂರು, ಅಡಿಯಲ್ಲಿ ಎರಡು, ಹಿಂದೆ ಒಂದು. ಎಲ್ಲ 600 ಆರ್‌ಪಿಎಂನಲ್ಲಿ (ನಿಮಿಷಕ್ಕೆ 600 ಸುತ್ತು) ತಿರುಗುತ್ತವೆ. ವೈರ್ ಎಲ್ಲ ಹಿಂದುಗಡೆ ಕಟ್ಟಿದ್ದೇನೆ, ಮುಂದಿನಿಂದ ಒಂದು ಎಳೆ ಕಾಣಲ್ಲ. ಹತ್ತಿರ ಕೂತರೂ ಗೊತ್ತಾಗಲ್ಲ.

ಮೂಲೆತನಕ:
ಒಂಬತ್ತು ಇದ್ದರೆ ಸದ್ದು ಜಾಸ್ತಿ ಅಲ್ವಾ?

ಒಂಬತ್ತುಫ್ಯಾನ್:
ಇಲ್ಲ. ಒಂದೇ ತರದ ಫ್ಯಾನ್ ಒಂದರ ಜೊತೆ ಇನ್ನೊಂದು ಸೇರಿದರೆ ಏರುವುದು 3 ಡೆಸಿಬೆಲ್. ಒಂದರಿಂದ ಒಂಬತ್ತಾದರೂ ಹೆಚ್ಚುಕಮ್ಮಿ ಒಂಬತ್ತೂವರೆ. ಅದೇ ಒಂದೇ ಫ್ಯಾನಿನ ವೇಗ ಎರಡು ಪಟ್ಟು ಮಾಡಿದರೆ ಸುಮಾರು 15 ಡೆಸಿಬೆಲ್ ಏರುತ್ತದೆ. ಅದಕ್ಕೇ ನಾನು ಜಾಸ್ತಿ ಫ್ಯಾನ್, ಕಮ್ಮಿ ವೇಗ ಅನ್ನುವುದು.

ಟರ್ಮಿನಲ್ಲೇಮನೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ನನ್ನದೂ ಫ್ಯಾನ್ ಸಮಸ್ಯೆಯೇ. ಲಿನಕ್ಸ್‌ನಲ್ಲಿ ಫ್ಯಾನ್ ವೇಗ ನೋಡಿಕೊಳ್ಳುವ ಫ್ಯಾನ್‌ಕಂಟ್ರೋಲ್ ಸೇವೆ ಒಂದು ವರ್ಷ ಚೆನ್ನಾಗಿ ಓಡಿತ್ತು. ಮೊನ್ನೆಯಿಂದ ಶುರುವಾಗುವುದೇ ಇಲ್ಲ, ಕಾನ್ಫಿಗರೇಶನ್ ಹಳೆಯದಾಗಿದೆ ಅಂತ ಹೇಳಿ ನಿಂತುಬಿಡುತ್ತದೆ. ಫೈಲ್ ಮುಟ್ಟೇ ಇಲ್ಲ.

ಹಳೇಬೋರ್ಡ್:
ಟರ್ಮಿನಲ್ಲೇಮನೆ ಅವರೇ, ನಿಮ್ಮದಕ್ಕೆ ಆಮೇಲೆ ಬರುತ್ತೇನೆ.

ಸದ್ದುಬೇಡ ಅವರೇ, ಏನೂ ಬದಲಾಯಿಸಿಲ್ಲ ಅಂದಿರಿ. ಬಯೋಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಏನಾದರೂ ಮಾಡಿದ್ದಿರಾ? ಮತ್ತೆ, ಸದ್ದು ಒಂದೇ ತರ ಇದೆಯಾ, ಎರಡು ತರ ಇದೆಯಾ? ಪಕ್ಕದ ಬಾಗಿಲು ತೆಗೆದು, ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿ. ಆಮೇಲೆ ಆಫ್ ಮಾಡಿ ಕೇಸ್ ಫ್ಯಾನ್‌ಗಳ ವೈರ್ ಒಂದೊಂದಾಗಿ ಕಿತ್ತು, ಆನ್ ಮಾಡಿ ನೋಡಿ. ಪ್ರೊಸೆಸರ್ ಫ್ಯಾನ್ ಮಾತ್ರ ಮುಟ್ಟಬೇಡಿ.

ಸದ್ದುಬೇಡ:
ಬಯೋಸ್ ಅಪ್‌ಡೇಟ್ ಮಾಡಿದ್ದೆ, ಹೊಸ ರ್‍ಯಾಮ್ ಹಾಕುವಾಗ. ಅದಕ್ಕೂ ಫ್ಯಾನ್‌ಗೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ. ಹೌದು, ಸರಿಯಾಗಿ ಹತ್ತು ದಿನದ ಹಿಂದೆ.

ನೀವು ಹೇಳಿದ ಹಾಗೆ ಕೇಳಿದೆ. ಸದ್ದು ಎರಡು ತರ ಇದೆ. ಗುಂಯ್ ಅಂತ ನಿಲ್ಲದೆ ಬರುವುದು ಒಂದು, ಅದರ ಮೇಲೆ ಏರಿ ಇಳಿಯುವುದು ಇನ್ನೊಂದು. ಹಿಂದಿನ ಫ್ಯಾನ್ ಕಿತ್ತರೆ ಗುಂಯ್ ಅನ್ನುವುದು ಪೂರ್ತಿ ನಿಂತಿತು. ಏರಿಳಿತ ಮಾತ್ರ ಉಳಿಯಿತು.

ಹಳೇಬೋರ್ಡ್:
ಸಿಕ್ಕಿತು. ಹಿಂದಿನ ಫ್ಯಾನಿನ ಪ್ಲಗ್ ಹತ್ತಿರದಿಂದ ನೋಡಿ. ಎಷ್ಟು ತೂತು?

ಸದ್ದುಬೇಡ:
ಮೂರು. ಬೋರ್ಡಿನಲ್ಲಿ ನಾಲ್ಕು ಪಿನ್ ಇದೆ, ನಾಲ್ಕನೆಯದು ಪ್ಲಗ್ಗಿನ ಪಕ್ಕದಲ್ಲಿ ಒಂಟಿಯಾಗಿ ನಿಂತಿದೆ. ಹಳೇ ಕಂಪ್ಯೂಟರಿನ ಫ್ಯಾನ್ ಅದು, ಮೊದಲಿನಿಂದ ಹೀಗೇ ಇತ್ತು, ಸುಮ್ಮನೆ ತಿರುಗುತ್ತಿತ್ತು.

ಹಳೇಬೋರ್ಡ್:
ನಾಲ್ಕು ಪಿನ್‌ಗಳಲ್ಲಿ ಒಂದು ಗ್ರೌಂಡ್, ಒಂದು 12 ವೋಲ್ಟ್, ಮೂರನೆಯದು ಫ್ಯಾನ್ ಎಷ್ಟು ತಿರುಗುತ್ತಿದೆ ಅಂತ ಬೋರ್ಡಿಗೆ ವಾಪಸ್ ಹೇಳುವ ವೈರ್, ಒಂದು ಸುತ್ತಿಗೆ ಎರಡು ಸಲ ಮಿಡಿಯುತ್ತದೆ. ನಾಲ್ಕನೆಯದರಲ್ಲೇ ವೇಗದ ಆಜ್ಞೆ ಹೋಗುವುದು, 25 ಕಿಲೋಹರ್ಟ್ಜ್‌ನ ಪಿಡಬ್ಲ್ಯೂಎಂ, ಅಂದರೆ ಬೇಗ ಬೇಗ ಆನ್ ಆಫ್ ಆಗುವ ಸಿಗ್ನಲ್. ನಿಮ್ಮ ಫ್ಯಾನ್‌ಗೆ ಆ ನಾಲ್ಕನೆಯ ವೈರೇ ಇಲ್ಲ. ಹೆಡರ್ ಪಿಡಬ್ಲ್ಯೂಎಂ ಮೋಡ್‌ನಲ್ಲಿದ್ದರೆ ಬೋರ್ಡ್ ಯಾವಾಗಲೂ ಪೂರ್ತಿ 12 ವೋಲ್ಟ್ ಕೊಡುತ್ತದೆ, ಫ್ಯಾನ್ ಪೂರ್ತಿ ವೇಗದಲ್ಲೇ ತಿರುಗುತ್ತದೆ. ಡಿಸಿ ಮೋಡ್‌ಗೆ ಹಾಕಿದರೆ ವೋಲ್ಟ್ ಇಳಿಸಿ ವೇಗ ಇಳಿಸುತ್ತದೆ. ನೀವು ಮೊದಲು ಯಾವಾಗಲೋ ಡಿಸಿ ಮಾಡಿದ್ದಿರಬೇಕು, ಬಯೋಸ್ ಅಪ್‌ಡೇಟ್ ಆದಾಗ ಆ ಸೆಟ್ಟಿಂಗ್ ಎಲ್ಲ ಅಳಿಸಿ ಮೊದಲಿನ ಹಾಗಾಗಿದೆ.

ಇನ್ನು ಏರಿಳಿತ. ಅದೂ ಅದೇ ಅಪ್‌ಡೇಟ್‌ನಲ್ಲಿ ಹೋಗಿದೆ ಅಂತ ಕಾಣುತ್ತದೆ. ಈ ಪ್ರೊಸೆಸರ್‌ಗಳು ಚಿಕ್ಕ ಕೆಲಸ ಬಂದರೂ ಒಂದು ಕೋರ್‌ಗೆ ಜಾಸ್ತಿ ವೋಲ್ಟ್ ಕೊಟ್ಟು ಬೇಗ ಮುಗಿಸಿ ಸುಮ್ಮನಾಗುತ್ತವೆ. ಅಷ್ಟರಲ್ಲಿ ಚಿಪ್ಪಿನ ಒಂದು ಚಿಕ್ಕ ಜಾಗ 15, 20 ಡಿಗ್ರಿ ಜಿಗಿದಿರುತ್ತದೆ. ಕೂಲರಿನ ಲೋಹಕ್ಕೆ ಅದು ಮುಟ್ಟುವ ಮೊದಲೇ ಇಳಿದಿರುತ್ತದೆ. ಅಲ್ಲಿ ಫ್ಯಾನ್ ಓಡಿ ಏನೂ ಉಪಯೋಗ ಇಲ್ಲ. ಅದಕ್ಕೆ ಫ್ಯಾನ್ ಸೆಟ್ಟಿಂಗ್‌ನಲ್ಲಿ ಸ್ಟೆಪ್ ಅಪ್ ಟೈಮ್ ಅಂತಲೋ ಸ್ಮೂದಿಂಗ್ ಅಂತಲೋ ಇರುತ್ತದೆ, ಅದನ್ನು ನಿಮ್ಮ ಬೋರ್ಡ್ ಬಿಟ್ಟಷ್ಟು ಜಾಸ್ತಿ ಮಾಡಿ. ಕರ್ವ್ (ಎಷ್ಟು ಡಿಗ್ರಿಗೆ ಎಷ್ಟು ವೇಗ ಅನ್ನುವ ಗೆರೆ) 65 ಡಿಗ್ರಿ ತನಕ ಸಪಾಟಾಗಿ 35 ಪರ್ಸೆಂಟ್ ಇಡಿ, 75ಕ್ಕೆ 60, 85ಕ್ಕೆ 100. ಜಿಗಿತ ಇದ್ದೇ ಇರುತ್ತದೆ, ಫ್ಯಾನ್ ಅದರ ಹಿಂದೆ ಓಡುವುದಿಲ್ಲ ಅಷ್ಟೇ.

ಬಿಳಿಪೇಸ್ಟ್:
65 ತನಕ 35 ಪರ್ಸೆಂಟ್ ತೀರಾ ಕಮ್ಮಿ ಆಯಿತು. ನಾನಾದರೆ 50ಕ್ಕೇ ಏರಿಸುತ್ತೇನೆ.

ಮೂಲೆತನಕ:
50ಕ್ಕೆ ಏರಿಸಿದ್ದಕ್ಕೇ ತಾನೇ ಅವರಿಗೆ ಈ ಗೋಳು.

ಒಂಬತ್ತುಫ್ಯಾನ್:
ಕೇಸ್ ಫ್ಯಾನ್‌ಗಳನ್ನು ಪ್ರೊಸೆಸರ್ ಟೆಂಪರೇಚರ್‌ಗೆ ಕಟ್ಟಬೇಡಿ. ಗೇಮ್‌ನಲ್ಲಿ ಕೇಸ್ ಒಳಗೆ ಬಿಸಿ ತುಂಬುವುದು ಗ್ರಾಫಿಕ್ಸ್ ಕಾರ್ಡಿನಿಂದ. ಬಯೋಸ್‌ಗೆ ಸಾಮಾನ್ಯವಾಗಿ ಆ ಕಾರ್ಡಿನ ಟೆಂಪರೇಚರ್ ಕಾಣಲ್ಲ, ಬೋರ್ಡ್ ಟೆಂಪರೇಚರ್‌ಗೆ ಕಟ್ಟಿ. ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಅಂತ ಉಚಿತ ಸಾಫ್ಟ್‌ವೇರ್ ಇದೆ (ಲಿನಕ್ಸಿನದು ಬೇರೆ). ಅದರಲ್ಲಿ ಪ್ರೊಸೆಸರ್, ಕಾರ್ಡ್ ಎರಡನ್ನೂ ನೋಡಿ ಯಾವುದು ಜಾಸ್ತಿ ಕೇಳುತ್ತದೋ ಅದರ ಹಾಗೆ ಫ್ಯಾನ್ ಓಡಿಸಬಹುದು. ನನ್ನ ಒಂಬತ್ತೂ ಅದರಲ್ಲೇ ಇವೆ.

ಸದ್ದುಬೇಡ:
ಬಯೋಸ್‌ಗೆ ಹೋದೆ. ಹಿಂದಿನ ಹೆಡರ್ ನಿಜವಾಗಿಯೂ ಪಿಡಬ್ಲ್ಯೂಎಂನಲ್ಲಿತ್ತು. ಡಿಸಿ ಮಾಡಿ ಸೇವ್ ಒತ್ತುತ್ತಿದ್ದ ಹಾಗೇ ಫ್ಯಾನ್ ಸದ್ದು ಇಳಿಯುತ್ತಾ ಹೋಯಿತು. 1480 ಆರ್‌ಪಿಎಂ ಇದ್ದದ್ದು ಈಗ 720. ಸ್ಟೆಪ್ ಅಪ್ ಟೈಮ್ 0.1 ಸೆಕೆಂಡ್ ಇತ್ತು, ಇದ್ದಷ್ಟಕ್ಕೂ ಏರಿಸಿದೆ. ಕರ್ವ್ ನೀವು ಹೇಳಿದ ಹಾಗೇ ಇಟ್ಟೆ. ಎರಡು ಗಂಟೆಯಿಂದ ಕೂತಿದ್ದೇನೆ, ಇಪ್ಪತ್ತು ಟ್ಯಾಬ್ ತೆರೆದಿದ್ದೇನೆ. ಟೆಂಪರೇಚರ್ 62ಕ್ಕೆ ಈಗಲೂ ಹೋಗಿ ಬರುತ್ತದೆ, ಫ್ಯಾನ್ ಅಲುಗುವುದಿಲ್ಲ. ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿದೆ. ಹಳೇಬೋರ್ಡ್ ಸರ್, ತುಂಬಾ ಉಪಕಾರ ಆಯಿತು.

ಒಂದೇ ಒಂದು ಉಳಿದಿದೆ. ಮುಂದಿನ ಎರಡರಲ್ಲಿ ಒಂದು ಫ್ಯಾನ್ ಆಗಾಗ ನಿಂತು, ಟಕ್ ಅಂತ ಮತ್ತೆ ಶುರುವಾಗುತ್ತದೆ. ಎರಡೂ ಒಂದೇ ಹೆಡರ್‌ಗೆ ವೈ ಕೇಬಲ್‌ನಲ್ಲಿ ಸೇರಿವೆ. ಸಾಫ್ಟ್‌ವೇರ್ 640 ತೋರಿಸುತ್ತದೆ, ನಿಂತಾಗಲೂ 640.

ಹಳೇಬೋರ್ಡ್:
ವೈ ಕೇಬಲ್‌ನಲ್ಲಿ ಒಂದೇ ಫ್ಯಾನಿನ ವೇಗದ ವೈರ್ ಬೋರ್ಡಿಗೆ ಹೋಗುತ್ತದೆ. ನೀವು ನೋಡುತ್ತಿರುವ 640 ಇನ್ನೊಂದು ಫ್ಯಾನಿನದು. ನಿಲ್ಲುವ ಫ್ಯಾನ್‌ಗೆ ಅಷ್ಟು ಕಮ್ಮಿ ಸಾಲುತ್ತಿಲ್ಲ. ಆ ಹೆಡರಿನ ಕನಿಷ್ಠ ವೇಗವನ್ನು ಐದೈದು ಪರ್ಸೆಂಟ್ ಏರಿಸುತ್ತಾ, ಎಲ್ಲಿ ನಿಲ್ಲುವುದು ಬಿಡುತ್ತದೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಇಡಿ. ಅದಕ್ಕೂ ಬಗ್ಗದಿದ್ದರೆ ಬೇರಿಂಗ್ ಹೋಗಿದೆ.

ಟರ್ಮಿನಲ್ಲೇಮನೆ ಅವರೇ, ಹೊಸ ಡ್ರೈವ್ ಏನಾದರೂ ಹಾಕಿದ್ದೀರಾ?

ಟರ್ಮಿನಲ್ಲೇಮನೆ:
ಹೌದು! ಒಂದು ಎನ್‌ವಿಎಂಇ ಡ್ರೈವ್ ಹಾಕಿದೆ. ಫ್ಯಾನ್‌ಗೂ ಅದಕ್ಕೂ ಏನು?

ಹಳೇಬೋರ್ಡ್:
ಈಗಿನ ಕರ್ನೆಲ್‌ನಲ್ಲಿ ಆ ಡ್ರೈವ್ ಕೂಡ ತನ್ನ ಟೆಂಪರೇಚರ್ ತೋರಿಸಲು ಎಚ್‌ಡಬ್ಲ್ಯೂಮಾನ್‌ನಲ್ಲಿ (ಕರ್ನೆಲ್‌ನ ಸೆನ್ಸರ್ ಪಟ್ಟಿಯಲ್ಲಿ) ಒಂದು ನಂಬರ್ ತೆಗೆದುಕೊಳ್ಳುತ್ತದೆ. ನಿಮ್ಮ ಬೋರ್ಡಿನ ಫ್ಯಾನ್ ಚಿಪ್, ಉದಾಹರಣೆಗೆ, 2ರಲ್ಲಿ ಇದ್ದದ್ದು 3ಕ್ಕೆ ಸರಿದಿರುತ್ತದೆ. ನಿಮ್ಮ ಫೈಲ್‌ನಲ್ಲಿ ಇನ್ನೂ 2 ಇದೆ. ಹೆಸರು ತಾಳೆಯಾಗದ್ದಕ್ಕೆ ಫ್ಯಾನ್‌ಕಂಟ್ರೋಲ್ ನಿಂತುಬಿಡುತ್ತದೆ, ಅದು ಒಳ್ಳೆಯದೇ, ಇಲ್ಲದಿದ್ದರೆ ಬೇರೆ ಯಾವುದೋ ಟೆಂಪರೇಚರ್ ನೋಡಿ ಫ್ಯಾನ್ ಓಡಿಸುತ್ತಿತ್ತು. ಆ ಫೈಲ್ ಬರೆದುಕೊಡುವ ಪಿಡಬ್ಲ್ಯೂಎಂಕಾನ್ಫಿಗ್ ಮತ್ತೆ ಓಡಿಸಿ. ಅದು ಪರೀಕ್ಷೆಗೆ ಫ್ಯಾನ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ, ಹಾಗಾಗಿ ಭಾರದ ಕೆಲಸ ಎಲ್ಲ ಮೊದಲು ಮುಚ್ಚಿ.

ಟರ್ಮಿನಲ್ಲೇಮನೆ:
2 ಇದ್ದದ್ದು 4 ಆಗಿದೆ. ಈಗ ಓಡುತ್ತಿದೆ. ಮುಂದೆ ಇನ್ನೊಂದು ಡ್ರೈವ್ ಹಾಕಿದರೆ ಮತ್ತೆ ಇದೇ ಆಗುತ್ತದಾ? ನಂಬರ್ ಬದಲು ಚಿಪ್ಪಿನ ಹೆಸರು ಬರೆಯಲು ದಾರಿ ಇದೆಯಾ?

ಒಂಬತ್ತುಫ್ಯಾನ್:
ಸದ್ದುಬೇಡ ಬ್ರೋ, ಹಿಂದಿನದಕ್ಕೆ ಒಂದು ನಾಲ್ಕು ಪಿನ್ ಫ್ಯಾನ್ ಹಾಕಿಬಿಡಿ, ಮೋಡ್ ತಲೆನೋವೇ ಇರಲ್ಲ. ನನ್ನ ಕೇಸಿನ ಫೋಟೋ ನಾಳೆ ಹಾಕುತ್ತೇನೆ.