ಇಸ್ತಾಂಬುಲ್‌ನಲ್ಲಿ ಊಟ: ಒಂದೇ ಮೇಜಿನಲ್ಲಿ ಶುದ್ಧ ಸಸ್ಯಾಹಾರಿಗಳು ಮತ್ತು ಮೀನು ತಿನ್ನುವವರು, ಹೇಗೆ ಹೊಂದಿಸೋದು?

ಮಾರಿಗುಡಿ_ಬೀದಿ (ಶಿರಸಿ) ಕೇಳಿದ್ದು:

ಅಕ್ಟೋಬರ್‌ನಲ್ಲಿ ಐದು ದಿನ ಇಸ್ತಾಂಬುಲ್. ಒಟ್ಟು ಆರು ಜನ. ಆಯಿ, ಅಪ್ಪಯ್ಯ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಆಗದು. ಈರುಳ್ಳಿ, ಬೆಳ್ಳುಳ್ಳಿ ಅಡ್ಡಿಲ್ಲ. ಜೊತೆಗೆ ಬರುವ ಕಾರವಾರದ ಕುಟುಂಬದವರು ಮೀನು, ಕೋಳಿ, ಕುರಿ ತಿಂತಾರೆ, ದನದ ಮಾಂಸ ಬೇಡ. ಹೆಸರಾದ ಹೋಟೆಲ್‌ಗಳಿಗೂ ಹೋಗಬೇಕು ಅಂತ ಎಲ್ಲರಿಗೂ ಆಸೆ. ಎಂಥ ಹೋಟೆಲಿಗೆ ಹೋದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಬಹುದು? ಮಾಣಿಗೆ ಏನಂತ ಹೇಳಬೇಕು? ಬಿಲ್ಲಿನಲ್ಲಿ ಎಲ್ಲಿ ಹುಷಾರಾಗಿರಬೇಕು?

ತಂಬುಳಿ_ತಟ್ಟೆ (ಸಿದ್ದಾಪುರ):

ಹೋಟೆಲಿನ ಹೆಸರಿಗಿಂತ ಮೊದಲು ಬೋರ್ಡಿನ ಮೇಲಿರುವ ಜಾತಿಪದ ನೋಡಿ. ‘ಲೊಕಾಂತಾ’ ಅಂತಿದ್ದರೆ ಮಾಡಿಟ್ಟ ಅಡಿಗೆ, ಗಾಜಿನ ಹಿಂದೆ ಸಾಲಾಗಿ ತಟ್ಟೆಗಳು, ಕಣ್ಣಲ್ಲಿ ನೋಡಿ ಬೆರಳು ತೋರಿಸಿದರೆ ಬಡಿಸ್ತಾರೆ. ‘ಕೆಬಾಪ್ಚಿ’ ಅಂದರೆ ಕೆಂಡದ ಮೇಲೆ ಸುಟ್ಟ ಮಾಂಸ. ‘ಬಾಲಿಕ್ಚಿ’ ಮೀನಿನ ಜಾಗ. ‘ಮೆಯ್‌ಹಾನೆ’ಯಲ್ಲಿ ಮದ್ಯದ ಜೊತೆ ಸಣ್ಣ ಸಣ್ಣ ತಟ್ಟೆಗಳು. ನಿಮ್ಮ ಆರು ಜನಕ್ಕೆ ಮಧ್ಯಾಹ್ನ ಲೊಕಾಂತಾವೇ ಸರಿ. ಬಾಯಿಮಾತಿಗಿಂತ ಕಣ್ಣು ಕೆಲಸ ಮಾಡುವ ಜಾಗ ಅದು. ಬೆಳಿಗ್ಗೆ ಮಾಡಿದ್ದು ಮುಗಿದರೆ ಮುಗಿಯಿತು, ಎರಡು ಗಂಟೆ ದಾಟಿದ ಮೇಲೆ ಒಳ್ಳೆಯ ತರಕಾರಿ ತಟ್ಟೆಗಳೆಲ್ಲ ಖಾಲಿ. 11:45ಕ್ಕೇ ಹೋಗಿ, ಕ್ಯೂ ಕೂಡ ಇರೋದಿಲ್ಲ.

ಅಲ್ಲಿ ಹುಡುಕಬೇಕಾದ ಪದ ‘ಝೆಯ್ತಿನ್‌ಯಾಲಿ’: ಆಲಿವ್ ಎಣ್ಣೆಯಲ್ಲಿ ಬೇಯಿಸಿ, ಆರಿಸಿ, ತಣ್ಣಗೆ ಬಡಿಸುವ ತರಕಾರಿ. ಹುರುಳಿಕಾಯಿ, ಆರ್ಟಿಚೋಕ್, ಬಾರ್ಬುನ್ಯಾ ಎಂಬ ಚುಕ್ಕೆಕಾಳು, ಎಲ್ಲ ಈ ಗುಂಪಿನಲ್ಲಿ ಬರುತ್ತೆ. ತಣ್ಣಗಿದೆ ಅಂತ ವಾಪಸ್ ಕಳಿಸಬೇಡಿ, ಅದು ಇರಬೇಕಾದ್ದೇ ಹಾಗೆ. ಈ ತಣ್ಣಗೆ-ಬಿಸಿ ವ್ಯತ್ಯಾಸ ಒಂದು ಒಳ್ಳೆಯ ಗುರುತೂ ಹೌದು. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ‘ಸಾರ್ಮಾ’ ನಮ್ಮ ಪತ್ರೊಡೆಯ ದೂರದ ನೆಂಟನ ಹಾಗೆ. ತಣ್ಣಗಿರುವುದರಲ್ಲಿ ಅಕ್ಕಿ, ಪೈನ್ ಬೀಜ, ಸಣ್ಣ ದ್ರಾಕ್ಷಿ. ಬಿಸಿಯಾಗಿ, ಮೇಲೆ ಮೊಸರು ಹಾಕಿ ಕೊಟ್ಟರೆ ಒಳಗೆ ಸಾಮಾನ್ಯವಾಗಿ ಕೊಚ್ಚಿದ ಮಾಂಸ. ಬದನೆಯದ್ದೂ ಇದೇ ಕತೆ. ‘ಇಮಾಮ್ ಬಾಯಿಲ್ದಿ’ ತರಕಾರಿ ತುಂಬಿದ್ದು, ‘ಕಾರ್ನಿಯಾರಿಕ್’ ಮಾಂಸ ತುಂಬಿದ್ದು. ದೂರದಿಂದ ಎರಡೂ ಒಂದೇ ಥರ ಕಾಣ್ತಾವೆ, ಹೆಸರು ಕೇಳಿಯೇ ತಗೊಳ್ಳಿ.

ಮಾತಿನಲ್ಲಿ ಎಡವುವ ಜಾಗ ಒಂದಿದೆ. ‘ಎತ್’ ಅಂದರೆ ಮಾಂಸ, ಆದರೆ ಬಳಕೆಯಲ್ಲಿ ಅದು ಹೆಚ್ಚಾಗಿ ಕುರಿ, ದನದ ಮಾಂಸ. ‘ಎತ್ ಇಲ್ಲದ್ದು ಕೊಡಿ’ ಅಂದರೆ ಕೋಳಿ ತಂದಿಟ್ಟಾರು, ಅವರ ಲೆಕ್ಕದಲ್ಲಿ ತಪ್ಪೂ ಅಲ್ಲ. ಅದಕ್ಕೆ ಪೂರ್ತಿ ವಾಕ್ಯವನ್ನೇ ಹೇಳಿ: ‘ಎತ್, ತಾವುಕ್, ಬಾಲಿಕ್, ಯುಮುರ್ತಾ ಯೆಮಿಯೋರುಮ್’. ಮಾಂಸ, ಕೋಳಿ, ಮೀನು, ಮೊಟ್ಟೆ ತಿನ್ನೋದಿಲ್ಲ ಅಂತ. ಎರಡನೇ ಪ್ರಶ್ನೆ ಇನ್ನೂ ಮುಖ್ಯ: ‘ಇಚಿಂದೆ ಎತ್ ಸುಯು ವಾರ್ ಮಿ? ತಾವುಕ್ ಸುಯು?’ ಮಾಂಸ ಬೇಯಿಸಿದ ನೀರು ಇದೆಯಾ, ಕೋಳಿಯದ್ದು ಇದೆಯಾ ಅಂತ. ಬೇಳೆ ಸೂಪು ‘ಮೆರ್ಜಿಮೆಕ್’ ಎಲ್ಲ ಕಡೆ ಸಿಗುತ್ತೆ, ನಿಂಬೆ ಹಿಂಡಿದರೆ ನಮ್ಮ ತೊವ್ವೆಯ ಹತ್ತಿರ ಬರುತ್ತೆ, ಆದರೆ ಎಷ್ಟೋ ಕಡೆ ಅದರ ಬುಡವೇ ಆ ನೀರು. ಅನ್ನ, ಅಂದರೆ ‘ಪಿಲಾವ್’, ಅದಕ್ಕೂ ಕೋಳಿ ನೀರು ಹಾಕುವ ರೂಢಿ ಉಂಟು. ‘ಯಾಯ್ಲಾ’ ಸೂಪು ಮೊಸರು, ಅಕ್ಕಿ, ಪುದೀನದ್ದು, ನೋಡಿದರೆ ತಂಬುಳಿಯೇ. ಮೊಸರು ಒಡೆಯದಿರಲಿ ಅಂತ ಮೊಟ್ಟೆ ಕದಡಿರ್ತಾರೆ, ಆಯಿಗೆ ಆಗದು.

ಕೇಳದೇ ತಿನ್ನಲು ಹೆಚ್ಚು ಕಡಿಮೆ ಧೈರ್ಯ ಕೊಡುವುದು ಮೂರು. ಸಿಮಿತ್, ಅಂದರೆ ಎಳ್ಳು ಮೆತ್ತಿದ ಬಳೆ ಬ್ರೆಡ್ಡು. ‘ಪಾತಾತೆಸ್ಲಿ ಗೊಝ್ಲೆಮೆ’, ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಆಲೂಗಡ್ಡೆ. ಮಾಂಸದ್ದೂ ಅದೇ ಹಂಚಿನ ಮೇಲೆ ಬೇಯುತ್ತೆ ಅನ್ನುವುದು ಮನಸ್ಸಿನಲ್ಲಿರಲಿ. ಮೂರನೆಯದು ಸರಣಿ ಅಂಗಡಿಗಳ ‘ಚೀ ಕೊಫ್ತೆ’. ಹಿಂದೆ ಹಸಿ ಮಾಂಸದಲ್ಲಿ ಮಾಡುತ್ತಿದ್ದ ತಿಂಡಿ. ಈಗ ಈ ಅಂಗಡಿಗಳಲ್ಲಿ ಮಾರುವುದು ಗೋದಿ ನುಚ್ಚು, ಟೊಮೆಟೊ ಮತ್ತು ಮೆಣಸಿನ ಗಟ್ಟಿ ಸಾರ, ದಾಳಿಂಬೆ ಹುಳಿ ನಾದಿದ್ದು. ಖಾರವೂ ಇದೆ, ಅಪ್ಪಯ್ಯನವರಿಗೆ ಹಿಡಿಸಬಹುದು.

ಸಿಹಿಯಲ್ಲೂ ಒಂದು ಎಚ್ಚರಿಕೆ. ‘ತಾವುಕ್ ಗೊಸು’ ಅನ್ನುವ ಬಿಳಿ ಹಾಲಿನ ಸಿಹಿಯಲ್ಲಿ ಕೋಳಿಯ ಎದೆಮಾಂಸವನ್ನು ನೂಲಿನಂತೆ ಬಿಡಿಸಿ ಹಾಕಿರ್ತಾರೆ. ಹೆಸರಿನ ಅರ್ಥವೇ ಅದು. ತಳ ಕಂದಿಸಿದ ‘ಕಝಾನ್‌ದಿಬಿ’ಯಲ್ಲೂ ಕೆಲವೆಡೆ ಇರುತ್ತೆ, ಕೇಳಿ. ಅಕ್ಕಿ ಪಾಯಸದಂಥ ‘ಸುತ್ಲಾಚ್’ನಲ್ಲಿ ಕೋಳಿ ಇಲ್ಲ, ಆದರೆ ಕೆಲವರು ಮೊಟ್ಟೆಯ ಹಳದಿ ಹಾಕ್ತಾರೆ. ರವೆಯ ‘ಇರ್ಮಿಕ್ ಹೆಲ್ವಾ’ ನಮ್ಮ ಸಿರಾ ಇದ್ದ ಹಾಗೇ. ‘ಲೋಕುಮ್’ ಎಂಬ ಮೆತ್ತನೆಯ ತುಂಡುಸಿಹಿ ಜೆಲಟಿನ್‌ನದ್ದಲ್ಲ, ಪಿಷ್ಟ, ಸಕ್ಕರೆಯದ್ದು. ಚೀಸ್ ಬಗ್ಗೆ ಮಾತ್ರ ನೀವೇ ತೀರ್ಮಾನ ಮಾಡಬೇಕು, ಹಾಲು ಒಡೆಸಲು ಪ್ರಾಣಿಮೂಲದ ಹೆಪ್ಪು ಬಳಸುವ ಚೀಸ್‌ಗಳು ಅಲ್ಲಿ ಸಾಕಷ್ಟಿವೆ.

ಕಾಳಿ_ಸೇತುವೆ (ಕಾರವಾರ):

ಕಾರವಾರದವರ ಪಾಲಿನದ್ದು ನಾನು ಹೇಳ್ತೇನೆ.

ಅಕ್ಟೋಬರ್ ಒಳ್ಳೆಯ ಹೊತ್ತು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್ ಇರುವಂತೆ ಅಲ್ಲಿ ಏಪ್ರಿಲ್ 15ರಿಂದ ಆಗಸ್ಟ್ ಕೊನೆಯವರೆಗೆ ದೊಡ್ಡ ಬೋಟುಗಳಿಗೆ ನಿಷೇಧ. ಸೆಪ್ಟೆಂಬರ್ 1ಕ್ಕೆ ಕಡಲಿಗೆ ಇಳಿದವರು ಅಕ್ಟೋಬರ್‌ನಲ್ಲಿ ‘ಪಾಲಾಮುತ್’ ಮತ್ತು ‘ಲುಫೆರ್’ ತರ್ತಾರೆ. ಪಾಲಾಮುತ್ ಬಂಗಡೆ, ಟ್ಯೂನಾಗಳ ಕುಟುಂಬದ್ದೇ, ಸುಟ್ಟರೆ ರುಚಿ. ಕಪ್ಪು ಸಮುದ್ರದ ಪುಟ್ಟ ‘ಹಮ್ಸಿ’ಗೆ ಚಳಿ ಬಲಿಯಬೇಕು, ನವೆಂಬರ್ ನಂತರ. ಮೆನುವಿನಲ್ಲಿ ವರ್ಷವಿಡೀ ಕಾಣುವ ‘ಲೆವ್ರೆಕ್’, ‘ಚುಪ್ರಾ’ ಬಹುಪಾಲು ಸಾಕಿದ ಮೀನು.

ಮಸಾಲೆ ನಿರೀಕ್ಷಿಸಬೇಡಿ. ‘ಇಝ್ಗಾರಾ’ ಅಂದರೆ ಕೆಂಡದಲ್ಲಿ ಸುಟ್ಟದ್ದು, ‘ತಾವಾ’ ಅಂದರೆ ಹಿಟ್ಟು ಹಚ್ಚಿ ಕರಿದದ್ದು. ಜೊತೆಗೆ ನಿಂಬೆ, ಈರುಳ್ಳಿ, ಸೊಪ್ಪು. ಮೀನಿನ ಕಡಿ, ಅನ್ನ ಬೇಕೆಂಬ ಹಟವನ್ನು ಐದು ದಿನ ಕಟ್ಟಿಡಬೇಕು.

ಬಿಲ್ಲು ಕೈಮೀರುವುದು ಮೀನಿನಲ್ಲೇ ಜಾಸ್ತಿ. ತೂಕದ ಮೇಲೆ ಮಾರುವ ಮೀನಿಗೆ ಮೆನುವಿನಲ್ಲಿ ದರ ಇರೋದಿಲ್ಲ, ಇದ್ದರೂ ಕಿಲೋದ್ದು. ಮೀನನ್ನು ನೀವೇ ತೋರಿಸಿ, ‘ಕಿಲೋಸು ಕಾಚ್ ಲಿರಾ?’ (ಕಿಲೋಗೆ ಎಷ್ಟು ಲಿರಾ?) ಅಂತ ಕೇಳಿ, ತಕ್ಕಡಿಗೆ ಹಾಕಿಸಿ, ಮೊತ್ತವನ್ನು ಚೀಟಿಯಲ್ಲಿ ಬರೆಸಿ, ಆಮೇಲೆ ಒಲೆಗೆ. ತಲೆ, ಕರುಳು ಸಮೇತದ ತೂಕಕ್ಕೆ ದುಡ್ಡು ಅನ್ನುವುದು ಕಾರವಾರದ ಮೀನುಪೇಟೆ ಕಂಡವರಿಗೆ ಹೊಸತಲ್ಲ.

ಎಮಿನೊನು ದಡದ ‘ಬಾಲಿಕ್ ಎಕ್ಮೆಕ್’, ಬ್ರೆಡ್ಡಿನೊಳಗೆ ಸುಟ್ಟ ಮೀನು, ಬಂಗಡೆ ಜಾತಿಯದ್ದು. ಬಹಳಷ್ಟು ನಾರ್ವೆಯಿಂದ ಬರುವ ಮಂಜುಗಡ್ಡೆಯ ಮಾಲು, ತಾಜಾ ಅಂದುಕೊಳ್ಳಬೇಡಿ, ಮುಳ್ಳೂ ಉಳಿದಿರುತ್ತೆ. ನೀಲಿಕಲ್ಲು ಎಂಬ ಚಿಪ್ಪುಜೀವಿಗೆ ಮಸಾಲೆ ಅನ್ನ ತುಂಬಿದ ‘ಮಿದ್ಯೆ ದೋಲ್ಮಾ’ವನ್ನು ಬೀದಿಯಲ್ಲಿ ಮಾರ್ತಾರೆ. ನೀವು ‘ಯೆತೆರ್’ (ಸಾಕು) ಅನ್ನುವ ತನಕ ಒಂದೊಂದೇ ಬಿಚ್ಚಿ ಕೈಗೆ ಕೊಡುತ್ತಲೇ ಇರ್ತಾರೆ, ಕೊನೆಗೆ ಚಿಪ್ಪು ಎಣಿಸಿ ದುಡ್ಡು. ಬಿಸಿಲಿನಲ್ಲಿ ತಟ್ಟೆ ಇಟ್ಟುಕೊಂಡವರ ಹತ್ತಿರ ಬೇಡವೇ ಬೇಡ. ಚಿಪ್ಪುಜೀವಿ ಬಿಸಿಯಲ್ಲಿ ಬೇಗ ಕೆಡುತ್ತೆ, ನಿಂಬೆ ಹಿಂಡಿದ ಮೇಲೆ ವಾಸನೆಯೂ ತಿಳಿಯೋದಿಲ್ಲ.

ದನದ ಮಾಂಸ ಬೇಡ ಅನ್ನುವವರು ಈ ಪದಗಳನ್ನು ಬಾಯಿಪಾಠ ಮಾಡಿ. ‘ದಾನಾ’, ‘ಸಿಯಿರ್’ ದನದ್ದು. ‘ಕುಝು’ ಕುರಿಮರಿ. ‘ತಾವುಕ್’ ಕೋಳಿ. ‘ಕಿಯ್ಮಾ’ ಅಂದರೆ ಕೊಚ್ಚಿದ್ದು, ಬಹುತೇಕ ದನದ್ದು ಅಥವಾ ಬೆರಕೆ. ಹಾಗಾಗಿ ಕೊಫ್ತೆ (ಕೊಚ್ಚಿದ ಮಾಂಸದ ಉಂಡೆ), ಲಾಹ್ಮಾಜುನ್ (ಕೊಚ್ಚಿದ ಮಾಂಸ ಹಚ್ಚಿದ ತೆಳು ರೊಟ್ಟಿ), ‘ಎತ್ ದೊನೆರ್’ (ಸರಳಿಗೆ ಚುಚ್ಚಿ ತಿರುಗಿಸಿ ಸುಟ್ಟು ಹೆರೆದ ಮಾಂಸ), ಅದರಿಂದಲೇ ಮಾಡುವ ಬುರ್ಸಾದ ಇಸ್ಕೆಂದೆರ್, ಇಷ್ಟನ್ನೂ ಬಿಟ್ಟುಬಿಡಿ. ಆದಾನಾ ಕೆಬಾಬ್ ಮೂಲದಲ್ಲಿ ಕುರಿಯದ್ದೇ, ಆದರೆ ಇಸ್ತಾಂಬುಲ್‌ನಲ್ಲಿ ಬೆರಕೆಯೂ ಆಗುವುದರಿಂದ ‘ಸಾದೆಜೆ ಕುಝು ಮು?’ (ಬರೀ ಕುರಿಯದ್ದೇ?) ಅಂತ ಕೇಳಿ. ತುಂಡು ಕಣ್ಣಿಗೆ ಕಾಣುವ ಕುಝು ಶಿಶ್, ಪಿರ್ಝೋಲಾ (ಪಕ್ಕೆಲುಬಿನ ತುಂಡು), ತಾವುಕ್ ಶಿಶ್ ಕ್ಷೇಮ. ಬೆಳಗಿನ ತಿಂಡಿಯ ಮೊಟ್ಟೆಯ ಜೊತೆ ಬರುವ ‘ಸುಜುಕ್’ (ಮಸಾಲೆ ಸಾಸೇಜ್), ‘ಪಾಸ್ತಿರ್ಮಾ’ (ಮಸಾಲೆ ಹಚ್ಚಿ ಒಣಗಿಸಿದ ಮಾಂಸ) ಎರಡೂ ಸಾಮಾನ್ಯವಾಗಿ ದನದ್ದು.

ಮಾರಿಗುಡಿ_ಬೀದಿ:

ಇಬ್ಬರಿಗೂ ಬಹಳ ಉಪಕಾರ. ಎರಡು ಸಂದೇಹ. ಮೆನು ಓದುವಾಗ ಈ ಉಚ್ಚಾರಕ್ಕೂ ಅಕ್ಷರಕ್ಕೂ ತಾಳೆ ಆಗ್ತಿಲ್ಲ. ಮತ್ತೆ ನಾವು ಕೇಳದೆ ಮೇಜಿಗೆ ಬರುವ ತಟ್ಟೆಗಳಿಗೆ ದುಡ್ಡು ಉಂಟೋ?

ಬಂದರು_ರಸ್ತೆ (ಭಟ್ಕಳ):

ಅಕ್ಷರ ಸುಲಭ. ಇಂಗ್ಲಿಷಿನ ಸಿ ಕಂಡರೆ ‘ಜ’ ಓದಿ, ಸಿ ಕೆಳಗೆ ಬಾಲವಿದ್ದರೆ ‘ಚ’. ಎಸ್ ಕೆಳಗೆ ಬಾಲವಿದ್ದರೆ ‘ಶ’. ಜಿ ಮೇಲೆ ಬಟ್ಟಲಿನಂಥ ಗುರುತು ಇದ್ದರೆ ಅದನ್ನು ಉಚ್ಚರಿಸದೆ ಹಿಂದಿನ ಸ್ವರವನ್ನು ಎಳೆಯಿರಿ. ಮೊಸರು, ಸೌತೆಕಾಯಿಯ ‘ಜಾಜಿಕ್’ ಅನ್ನು ‘ಕಾಸಿಕ್’ ಅಂತ ಓದಿದರೆ ಮಾಣಿಗೆ ಗೊತ್ತಾಗದಿರುವುದು ಇದಕ್ಕೇ.

ಕೇಳದೆ ಬರುವ ತಟ್ಟೆಯ ಲೆಕ್ಕ ಹೋಟೆಲಿನ ಜಾತಿಯ ಮೇಲೆ. ಕೆಬಾಬ್ ಹೋಟೆಲುಗಳಲ್ಲಿ ಬಿಸಿ ರೊಟ್ಟಿ, ಚಟ್ನಿಯಂಥ ಖಾರದ ‘ಎಝ್ಮೆ’, ಸಲಾಡು, ಕೊನೆಯ ಚಹಾ, ಇವನ್ನು ಉಪಚಾರವಾಗಿ ಕೊಡುವ ಪದ್ಧತಿ ಇದೆ. ಮೆಯ್‌ಹಾನೆಯಲ್ಲಿ ದೊಡ್ಡ ಹರಿವಾಣದಲ್ಲಿ ‘ಮೆಝೆ’, ಅಂದರೆ ಆ ಸಣ್ಣ ಸಣ್ಣ ತಟ್ಟೆಗಳನ್ನು, ತಂದು ತೋರಿಸಿದರೆ ಮುಟ್ಟಿದ ಪ್ರತಿ ತಟ್ಟೆಗೂ ದರ. ಅನುಮಾನ ಬಂದರೆ ತಿನ್ನುವ ಮೊದಲೇ ‘ಬು ಇಕ್ರಾಮ್ ಮಿ?’ (ಇದು ನಿಮ್ಮ ಉಪಚಾರವೇ?) ಅಂತ ಕೇಳಿ, ಯಾರೂ ಬೇಸರ ಮಾಡಿಕೊಳ್ಳೋದಿಲ್ಲ. ನೀರಿನ ಬಾಟಲಿಗೆ ದುಡ್ಡು ಇದ್ದೇ ಇರುತ್ತದೆ.

ಲಿರಾದ ಬೆಲೆ ಜಾರುತ್ತಲೇ ಇರುವುದರಿಂದ ಆರು ತಿಂಗಳ ಹಿಂದಿನ ದರ ನಂಬಿ ಬಜೆಟ್ ಹಾಕಬೇಡಿ. ಬಾಗಿಲಲ್ಲಿ ದರಪಟ್ಟಿ ಇಡಬೇಕೆಂಬುದು ಅಲ್ಲಿನ ನಿಯಮ, ಓದಿ ಒಳಗೆ ಹೋಗಿ. ಕಾರ್ಡ್ ಯಂತ್ರ ‘ರೂಪಾಯಿಯಲ್ಲೋ ಲಿರಾದಲ್ಲೋ’ ಕೇಳಿದರೆ ಲಿರಾ ಒತ್ತಿ. ರೂಪಾಯಿ ಆರಿಸಿದರೆ ವಿನಿಮಯ ದರ ಅವರು ಹಾಕಿದ್ದು, ನಿಮಗೆ ನಷ್ಟ. ಸೇವೆ ಚೆನ್ನಾಗಿದ್ದರೆ ಶೇ. 5ರಿಂದ 10 ಟಿಪ್ಸ್, ನಗದಾಗಿ.

ಕೆಬಾಬ್‌ಗೆ ‘ಬಿರ್ ಬುಚುಕ್’ ಅಂದರೆ ಒಂದೂವರೆ ಪಾಲು. ಲೊಕಾಂತಾದಲ್ಲಿ ‘ಆಝ್’ ಅಂದರೆ ಸ್ವಲ್ಪವೇ ಬಡಿಸಿ ಅದಕ್ಕೆ ತಕ್ಕ ಕಡಿಮೆ ದರ. ಹಿರಿಯರಿಗೆ ನಾಲ್ಕು ಬಗೆ ರುಚಿ ತೋರಿಸಲು ಈ ಒಂದು ಪದ ಸಾಕು. ‘ಸೆರ್ಪ್‌ಮೆ ಕಾಹ್ವಾಲ್ತಿ’, ಅಂದರೆ ಮೇಜು ತುಂಬ ಹರಡುವ ಬೆಳಗಿನ ತಿಂಡಿ, ಅದರ ದರ ತಲೆಗೆ ಇಷ್ಟು ಅಂತ. ಆರು ಜನ ಕೂತರೆ ಆರು ತಲೆಗೂ ಹಾಕ್ತಾರೆ.

ಹೆಸರಾದ ಜಾಗದಲ್ಲಿ ನಿಮ್ಮ ಗುಂಪಿಗೆ ಹೊಂದುವುದು ಕಾದಿಕೊಯ್‌ನ ಚಿಯಾ ಸೊಫ್ರಾಸಿ. ಎಮಿನೊನುವಿನಿಂದ ದೋಣಿಯಲ್ಲಿ ಸುಮಾರು 20 ನಿಮಿಷ. ಅನಾತೋಲಿಯಾದ ಹಳ್ಳಿಗಳ ಅಡಿಗೆ, ಪಾತ್ರೆ ನೋಡಿ ಆರಿಸಬಹುದು. ತಣ್ಣನೆಯ ಮೆಝೆಯನ್ನು ನೀವೇ ಬಡಿಸಿಕೊಂಡು ತೂಗಿಸಬೇಕು, ಆದ್ದರಿಂದ ಮೊದಲ ಸಲ ತಟ್ಟೆ ರಾಶಿ ಹಾಕಬೇಡಿ. ಸುಲ್ತಾನಹ್ಮೆತ್‌ನ ಹಳೆಯ ಕೊಫ್ತೆ ಅಂಗಡಿಗಳು ನಿಮಗಲ್ಲ, ಅಲ್ಲಿ ಮುಖ್ಯ ಪದಾರ್ಥವೇ ದನದ್ದು.

ತಂಬುಳಿ_ತಟ್ಟೆ:

ಒಂದು ಬಿಟ್ಟಿದ್ದೆ. ಕೆಬಾಬ್ ಹೋಟೆಲಲ್ಲಿ ಕೆಂಪು-ನೇರಳೆ ಬಣ್ಣದ ‘ಶಾಲ್ಗಾಮ್’ ಕಂಡು ಮುರುಗಲ ಪಾನಕ ಅಂತ ಆಯಿಗೆ ಕೊಡಬೇಡಿ. ಅದು ಕಪ್ಪು ಕ್ಯಾರೆಟ್ ಹುದುಗಿಸಿದ ಉಪ್ಪು-ಹುಳಿ ನೀರು. ಅವರಿಗೆ ‘ಐರಾನ್’ ಹೇಳಿ, ಒಗ್ಗರಣೆ ಇಲ್ಲದ ಉಪ್ಪು ಮಜ್ಜಿಗೆ. ಟರ್ಕಿ ಕಾಫಿಗೆ ಸಕ್ಕರೆಯನ್ನು ಕುದಿಸುವಾಗಲೇ ಹಾಕುವುದರಿಂದ ಮೊದಲೇ ಹೇಳಬೇಕು: ‘ಸಾದೆ’ ಸಕ್ಕರೆ ಇಲ್ಲದ್ದು, ‘ಓರ್ತಾ’ ಮಧ್ಯಮ. ತಳದ ಗಷ್ಟು ಕುಡಿಯುವುದಲ್ಲ.

ರಾತ್ರಿಗೆ ಮನೆಯಿಂದ ಎರಡು ಕಿಲೋ ತೆಳು ಅವಲಕ್ಕಿ ಒಯ್ಯಿರಿ. ಅಂಗಡಿಯಲ್ಲಿ ‘ಯೋರ್ತ್’ ಕೇಳಿ, ‘ಸುಝ್ಮೆ’ ಬೇಡ, ಅದು ನೀರು ಬಸಿದ ಗಟ್ಟಿ ಮೊಸರು, ಅವಲಕ್ಕಿ ನೆನೆಯೋದಿಲ್ಲ. ಅಪ್ಪೆಮಿಡಿಯನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಚೆಕ್-ಇನ್ ಬ್ಯಾಗಿಗೇ ಹಾಕಿ, ಕೈಚೀಲದಲ್ಲಿ ಅದರ ರಸವನ್ನು ವಿಮಾನ ನಿಲ್ದಾಣದ ತಪಾಸಣೆಯವರು ಒಯ್ಯಲು ಬಿಡೋದಿಲ್ಲ.